ಗುಡ್ಡೆ-ಬೈಲಿನ ಊರಿನಲ್ಲಿ ಕುಡಿಯುವ ನೀರಿನ ಲೈನ್ ವಿಸ್ತರಣೆ: ಕಡಿಮೆ ಖರ್ಚಿನ ಯೋಜನೆ ಹಂತ ಹಂತವಾಗಿ

ಉಡುಪಿಯ ಸುತ್ತ ಮನೆ ಏಳದ ಗುಡ್ಡೆ ಈಗ ಸಿಗುವುದು ಕಷ್ಟ. ಪರ್ಕಳ, ದೊಡ್ಡಣಗುಡ್ಡೆ, ಅಲೆವೂರು, ಅಂಬಾಗಿಲು, ಎಲ್ಲಿ ನೋಡಿದರೂ ಹೊಸ ಬಡಾವಣೆ, ಫ್ಲ್ಯಾಟ್, ಪಿ.ಜಿ. ಮನೆ ಬಂದ ಮೇಲೆ ನೀರಿಗೆ ಅರ್ಜಿ ಬರುತ್ತದೆ. ಅರ್ಜಿ ಬಂದಾಗ ಹತ್ತಿರದ ಪೈಪ್ ಎಲ್ಲಿದೆ ಅಂತ ನೋಡಿ, ಅಲ್ಲಿಂದ ಒಂದು ಲೈನ್ ಎಳೆದು ಕೊಡುವುದು ನಡೆದುಬಂದ ಕ್ರಮ. ಮೊದಲ ವರ್ಷ ಎಲ್ಲ ಚೆನ್ನಾಗಿಯೇ ಇರುತ್ತದೆ. ಮೂರನೇ ಬೇಸಿಗೆಗೆ ಮೇಲಿನ ಮನೆಯ ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತದೆ. ಆಮೇಲೆ ಅದೇ ರಸ್ತೆ ಮತ್ತೆ ಅಗೆದು ಇನ್ನೊಂದು ಪೈಪ್ ಹಾಕುತ್ತಾರೆ. ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು.

ನಾನು ಇಲ್ಲಿ ಹೇಳುವುದು ಮುಖ್ಯವಾಗಿ ಒಂದು ಮಾತು. ನಮ್ಮ ಕರಾವಳಿಯ ನೆಲದಲ್ಲಿ ನೀರಿನ ಲೈನಿನ ಖರ್ಚನ್ನು ದೂರಕ್ಕಿಂತ ಜಾಸ್ತಿ ಎತ್ತರ ತೀರ್ಮಾನಿಸುತ್ತದೆ. ವಾರ್ಡ್ ಗಡಿ, ರಸ್ತೆಯ ಹೆಸರು ಇವೆಲ್ಲ ಆಮೇಲೆ. ಮೊದಲು ಮಟ್ಟ ಅಳೆದು, ಮಟ್ಟದ ಪ್ರಕಾರ ಊರನ್ನು ಭಾಗ ಮಾಡಿದರೆ ಪೈಪು, ಪಂಪು, ಕರೆಂಟು ಮೂರರಲ್ಲೂ ದುಡ್ಡು ಉಳಿಯುತ್ತದೆ. ಪಂಚಾಯತ್ ಸದಸ್ಯರು, ವಾರ್ಡ್ ಸಮಿತಿಯವರು, ಹೊಸದಾಗಿ ಕೆಲಸಕ್ಕೆ ಸೇರಿದ ಜೂನಿಯರ್ ಇಂಜಿನಿಯರುಗಳು, ಬಡಾವಣೆ ಮಾಡುವವರು, ಎಲ್ಲರಿಗೂ ಉಪಯೋಗವಾಗಲಿ ಅಂತ ಲೆಕ್ಕಗಳನ್ನು ಬಿಡಿಸಿ ಬರೆದಿದ್ದೇನೆ.

ಹಂತ 1: ನೆಲದಡಿಯಲ್ಲಿ ಏನಿದೆ ಅಂತ ತಿಳಿದುಕೊಳ್ಳಿ

ಹೊಸ ಪೈಪಿನ ಯೋಚನೆಗೆ ಮುಂಚೆ ಹಳೆಯ ಪೈಪಿನ ನಕ್ಷೆ ಬೇಕು. ಆಫೀಸಿನಲ್ಲಿ ಇರುವ ನಕ್ಷೆಯಲ್ಲಿ ಅರ್ಧ ಸಿಗುತ್ತದೆ. ಉಳಿದ ಅರ್ಧ ವಾಲ್ವ್‌ಮ್ಯಾನ್ ತಲೆಯಲ್ಲಿ ಇರುತ್ತದೆ. ಯಾವ ಚೇಂಬರ್ ಮೇಲೆ ಡಾಮರು ಬಿದ್ದಿದೆ, ಯಾವ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಯಾವ ತಿರುವಿನಲ್ಲಿ ವರ್ಷಕ್ಕೊಮ್ಮೆ ಪೈಪ್ ಒಡೆಯುತ್ತದೆ, ಇದೆಲ್ಲ ಅವರಿಗೆ ಗೊತ್ತು. ಅವರ ಜೊತೆ ಲೈನಿನ ಉದ್ದಕ್ಕೂ ನಡೆಯಿರಿ. ಕೈಯಲ್ಲಿ ಮೊಬೈಲ್ ಇಟ್ಟುಕೊಂಡು ಪ್ರತಿ ವಾಲ್ವ್, ಕವಲೊಡೆಯುವ ಪ್ರತಿ ಟೀ ಜೋಡಣೆ, ಪ್ರತಿ ಕೊನೆಯನ್ನು ಗುರುತು ಹಾಕಿ. ಪೈಪಿನ ಅಳತೆ, ಯಾವ ಪೈಪು, ಯಾವ ವರ್ಷ ಹಾಕಿದ್ದು, ಗೊತ್ತಿದ್ದಷ್ಟು ಬರೆಯಿರಿ. ಇಡೀ ಯೋಜನೆಯಲ್ಲಿ ಅತಿ ಕಡಿಮೆ ಖರ್ಚಿನ ಕೆಲಸ ಇದು. ಇದನ್ನು ಬಿಟ್ಟವರು ಕೊನೆಗೆ ಅತಿ ಜಾಸ್ತಿ ಖರ್ಚು ಮಾಡುತ್ತಾರೆ.

ಆಮೇಲೆ ಒಂದು ಪ್ರೆಶರ್ ಗೇಜ್ ತೆಗೆದುಕೊಳ್ಳಿ. ನಲ್ಲಿಗೆ ಸಿಕ್ಕಿಸುವ ಸಣ್ಣ ಗೇಜ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಮೀಟರ್ ಆದ ಕೂಡಲೇ ಇರುವ ನಲ್ಲಿಗೆ ಅದನ್ನು ಹಾಕಬೇಕು, ಮನೆಯ ಟ್ಯಾಂಕಿನಿಂದ ಬರುವ ನಲ್ಲಿಗೆ ಹಾಕಿದರೆ ಪ್ರಯೋಜನ ಇಲ್ಲ. ಬೆಳಿಗ್ಗೆ ಆರರಿಂದ ಎಂಟರ ಒಳಗೆ ಲೈನಿನ ಮೊದಲ ಮನೆ, ನಡುವಿನ ಮನೆ, ಕೊನೆಯ ಮನೆ, ಎಲ್ಲಕ್ಕಿಂತ ಎತ್ತರದ ಮನೆ, ನಾಲ್ಕು ಕಡೆ ನೋಡಿ. 1 ಕೆ.ಜಿ. ಅಂತ ತೋರಿಸಿದರೆ ಅದು 10 ಮೀಟರ್ ಎತ್ತರದ ನೀರಿಗೆ ಸಮ. ಮುಂದೆ ಒತ್ತಡವನ್ನು ಹೀಗೆ ಮೀಟರಿನಲ್ಲೇ ಹೇಳುತ್ತೇನೆ.

ಮೇಲಿನ ಮನೆಯವರನ್ನು ಮಾತಾಡಿಸಲೇಬೇಕು. "ಅಮ್ಮ, ನಿಮಗೆ ನೀರು ಎಷ್ಟು ಹೊತ್ತಿಗೆ ಬರ್ತದೆ?" ಅಂತ ಕೇಳಿದರೆ, "ಕೆಳಗಿನವರ ಸಂಪ್ ಎಲ್ಲ ತುಂಬಿದ ಮೇಲೆ ನಮಗೆ ಬರುವುದು ಮಾರಾಯ್ರೆ" ಅನ್ನುವ ಉತ್ತರ ಬಂದರೆ ಅಲ್ಲಿ ಕೊರತೆ ಇರುವುದು ನೀರಿಗಲ್ಲ, ಒತ್ತಡಕ್ಕೆ. ಆ ಲೈನನ್ನೇ ಮುಂದಕ್ಕೆ ಎಳೆದರೆ ಇರುವ ಒತ್ತಡವೂ ಹೋಗುತ್ತದೆ.

ಹಂತ 2: ಹೊಸ ನೀರು ಹುಡುಕುವ ಮುಂಚೆ ಸೋರುವ ನೀರು ಹಿಡಿಯಿರಿ

ಒಂದು ಲೆಕ್ಕ ನೋಡಿ. ಪೈಪಿನಲ್ಲಿ 6 ಮಿಲಿಮೀಟರಿನ ಒಂದು ತೂತು. ಪೆನ್ಸಿಲ್ ದಪ್ಪ ಕೂಡ ಇಲ್ಲ. ಅಲ್ಲಿ 30 ಮೀಟರ್ ಒತ್ತಡ ಇದ್ದರೆ ಸೆಕೆಂಡಿಗೆ ಸುಮಾರು 0.4 ಲೀಟರ್ ಹೊರಗೆ ಹೋಗುತ್ತದೆ. ಲೈನ್ ದಿನಪೂರ್ತಿ ಒತ್ತಡದಲ್ಲಿ ಇದ್ದರೆ ದಿನಕ್ಕೆ 35 ಸಾವಿರ ಲೀಟರ್. ತಲೆಗೆ 135 ಲೀಟರಿನಂತೆ ಅದು 260 ಜನರ ನೀರು. ನಮ್ಮಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ. ಸೋರಿದ ನೀರು ಕಲ್ಲಿನ ತೂತುಗಳಲ್ಲಿ ಇಳಿದು ಕೆಳಗಿನ ತೋಡಿಗೆ (ಸಣ್ಣ ಹಳ್ಳಕ್ಕೆ) ಹೋಗಿಬಿಡುತ್ತದೆ, ರಸ್ತೆ ಮೇಲೆ ಕಾಣುವುದೇ ಇಲ್ಲ. ಮಳೆಗಾಲದಲ್ಲಂತೂ ಎಲ್ಲ ಕಡೆ ನೀರೇ ಇರುವಾಗ ಯಾವುದು ಸೋರಿಕೆ ಅಂತ ಹೇಳುವವರು ಯಾರು?

ಸೋರಿಕೆ ಎಷ್ಟು ಅಂತ ತಿಳಿಯಲು ದೊಡ್ಡ ಯಂತ್ರ ಬೇಡ. ರಾತ್ರಿ ಎರಡರಿಂದ ನಾಲ್ಕರವರೆಗೆ ಟ್ಯಾಂಕಿಗೆ ಬರುವ ನೀರು ನಿಲ್ಲಿಸಿ, ಹೊರಗೆ ಹೋಗುವ ವಾಲ್ವ್ ತೆರೆದಿಡಿ. ಟ್ಯಾಂಕಿನಲ್ಲಿ ಮಟ್ಟ ಎಷ್ಟು ಇಳಿಯಿತು ಅಂತ ಅಳೆಯಿರಿ. ಟ್ಯಾಂಕಿನ ತಳ 100 ಚದರ ಮೀಟರ್ ಇದ್ದು, ಎರಡು ಗಂಟೆಯಲ್ಲಿ 10 ಸೆಂಟಿಮೀಟರ್ ಇಳಿದರೆ 10 ಸಾವಿರ ಲೀಟರ್ ಹೋಯಿತು ಅಂತ. ಗಂಟೆಗೆ 5 ಸಾವಿರ, ದಿನಕ್ಕೆ 1 ಲಕ್ಷ 20 ಸಾವಿರ. ಆ ಹೊತ್ತಿನಲ್ಲಿ ತುಂಬುತ್ತಿರುವ ಸಂಪುಗಳ ಲೆಕ್ಕ ಕಳೆದರೆ ಉಳಿದದ್ದೆಲ್ಲ ಸೋರಿಕೆಯೇ. ಆಮೇಲೆ ಒಂದೊಂದೇ ವಾಲ್ವ್ ಮುಚ್ಚುತ್ತಾ ಬಂದರೆ ಯಾವ ಕವಲಿನಲ್ಲಿ ಜಾಸ್ತಿ ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಮುಖ್ಯ ಪೈಪಿಗಿಂತ ಮನೆಗೆ ಕವಲೊಡೆಯುವ ಫೆರೂಲ್, ಸ್ಯಾಡಲ್ ಅನ್ನುವ ಜೋಡಣೆಗಳ ಜಾಗದಲ್ಲೇ ಸೋರಿಕೆ ಜಾಸ್ತಿ. ಅಲ್ಲಿಂದಲೇ ಹುಡುಕಲು ಶುರು ಮಾಡಿ.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣ ಇದೆ. ಉಡುಪಿ ನಗರದ ನೀರು ಬಹುಕಾಲ ಸ್ವರ್ಣಾ ನದಿಯ ಬಜೆ ಅಣೆಕಟ್ಟನ್ನೇ ನಂಬಿಕೊಂಡು ಬಂದದ್ದು. 2019ರ ಬೇಸಿಗೆಯಲ್ಲಿ ನದಿಯ ಹೊಂಡಗಳಿಂದ ಪಂಪ್ ಮಾಡಿ ಬಜೆಗೆ ನೀರು ಹಾಯಿಸುವ ಪರಿಸ್ಥಿತಿ ಬಂತು. ಮಂಗಳೂರಿನಲ್ಲೂ ನೇತ್ರಾವತಿಯ ತುಂಬೆ ಡ್ಯಾಂನ ಮಟ್ಟ ಇಳಿದಾಗಲೆಲ್ಲ ದಿನ ಬಿಟ್ಟು ದಿನ ನೀರು ಕೊಡಬೇಕಾಗುತ್ತದೆ. ಈಗ ವಾರಾಹಿಯಿಂದ ಉಡುಪಿಗೆ ನೀರು ತರುವ ಯೋಜನೆ ಇದೆ. ಅಷ್ಟು ದೂರದಿಂದ ಶುದ್ಧ ಮಾಡಿ, ಎತ್ತಿ ತಂದ ನೀರು ತೂತು ಪೈಪಿನಲ್ಲಿ ತೋಡಿಗೆ ಹೋಗಬಾರದು.

ಹಂತ 3: ಎತ್ತರದ ನಕ್ಷೆ ಮಾಡಿ, ಅದರ ಮೇಲೆ ವಲಯ ಬರೆಯಿರಿ

ಮಣಿಪಾಲ ಗುಡ್ಡೆಯ ಮೇಲೆ ಇದೆ. ಮಲ್ಪೆ ಕಡಲ ಮಟ್ಟದಲ್ಲಿ ಇದೆ. ನಡುವೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಬಜೆಯಿಂದ ಮಣಿಪಾಲಕ್ಕೆ ನೀರು ಎತ್ತಿದರೆ ಅಲ್ಲಿಂದ ಉಡುಪಿ ಪೇಟೆಗೆ ಅದು ತಾನಾಗಿಯೇ ಇಳಿಯುತ್ತದೆ. ಬಯಲು ಸೀಮೆಯ ಊರುಗಳು ಎತ್ತರದ ಕಂಬದ ಮೇಲೆ ಟ್ಯಾಂಕ್ ಕಟ್ಟಿ ಪಡೆಯುವ ಒತ್ತಡವನ್ನು ನಮಗೆ ಗುಡ್ಡೆಗಳು ಸುಮ್ನೆ ಕೊಟ್ಟಿವೆ. ಗುಡ್ಡೆಯ ಮೇಲೆ ನೆಲಮಟ್ಟದ ಟ್ಯಾಂಕ್ ಕಟ್ಟುವುದು ಕಂಬದ ಟ್ಯಾಂಕಿಗಿಂತ ಅಗ್ಗ, ರಿಪೇರಿಗೂ ಸುಲಭ. ಟ್ಯಾಂಕಿಗೆ ಜಾಗ ಹುಡುಕುವಾಗ ಸರಕಾರಿ ಜಾಗ ಎಲ್ಲಿದೆ ಅನ್ನುವುದರ ಜೊತೆಗೆ, ಅದು ಎಷ್ಟು ಎತ್ತರದಲ್ಲಿದೆ ಅಂತಲೂ ಮೊದಲ ದಿನವೇ ಕೇಳಿ.

ಮಟ್ಟ ಅಳೆಯುವುದು ಹೇಗೆ? ಮೊದಲ ಅಂದಾಜಿಗೆ ಉಪಗ್ರಹದ ಎತ್ತರ ನಕ್ಷೆ ಸಾಕು, ಇಸ್ರೋದ ಭುವನ್ ಪೋರ್ಟಲಿನಲ್ಲಿ ಸಿಗುತ್ತದೆ. ಆದರೆ ನಮ್ಮ ತೋಟ, ಹಾಡಿ (ಮರಗಳ ತೋಪು) ಇರುವ ಕಡೆ ಉಪಗ್ರಹಕ್ಕೆ ನೆಲದ ಬದಲು ಮರದ ತಲೆ ಕಾಣುತ್ತದೆ. ಕೆಲವು ಮೀಟರ್ ತಪ್ಪು ಬಂದೇ ಬರುತ್ತದೆ. ಮೊಬೈಲ್ ಜಿಪಿಎಸ್‌ನ ಎತ್ತರವನ್ನು ನಂಬಲೇಬೇಡಿ. ಟ್ಯಾಂಕಿನ ತಳ, ಲೈನಿನ ಪ್ರತಿ ತಿರುವು, ಅತಿ ಎತ್ತರದ ಮನೆ, ಅತಿ ತಗ್ಗಿನ ಮನೆ, ಇವುಗಳ ಮಟ್ಟವನ್ನು ಸರ್ವೇಯರ್ ಕರೆದು ಆಟೋ ಲೆವೆಲ್ ಅನ್ನುವ ಮಟ್ಟ ಅಳೆಯುವ ಉಪಕರಣದಲ್ಲಿ ಅಳೆಸಿ. ಕೆಲವು ಸಾವಿರದಲ್ಲಿ ಮುಗಿಯುವ ಈ ಸರ್ವೆ ಲಕ್ಷಗಟ್ಟಲೆಯ ಪೈಪಿನ ತೀರ್ಮಾನ ಮಾಡುತ್ತದೆ.

ಈಗ ಒಂದು ಕಲ್ಪಿತ ಬಡಾವಣೆ ಇಟ್ಟುಕೊಳ್ಳೋಣ. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ. ಟ್ಯಾಂಕಿನ ತಳ ಕಡಲ ಮಟ್ಟದಿಂದ 62 ಮೀಟರ್ ಮೇಲೆ. ಬಡಾವಣೆ ಟ್ಯಾಂಕಿನಿಂದ ಒಂದೂವರೆ ಕಿಲೋಮೀಟರ್ ದೂರ. 400 ಮನೆ. ಹೆಚ್ಚಿನವು 8ರಿಂದ 30 ಮೀಟರ್ ಮಟ್ಟದಲ್ಲಿ ಇವೆ. ಆಚೆ ಗುಡ್ಡೆಯ ತಲೆಯಲ್ಲಿ 48 ಮೀಟರಿನಲ್ಲಿ ಇನ್ನೂ 40 ಮನೆ ಬರಲಿದೆ.

ಈ ನಲವತ್ತು ಮನೆಯವರು ನೀರು ಕೇಳಿದಾಗ ಮೊದಲು ಬರುವ ಸಲಹೆ, ಟ್ಯಾಂಕನ್ನೇ ಇನ್ನೂ 20 ಮೀಟರ್ ಎತ್ತರದಲ್ಲಿ ಕಟ್ಟೋಣ ಅಂತ. ಬೇಡ. ಒಂದು ಸಾವಿರ ಲೀಟರ್ ನೀರನ್ನು ಒಂದು ಮೀಟರ್ ಎತ್ತಲು, ಪಂಪು-ಮೋಟಾರ್ ಸೇರಿ ದಕ್ಷತೆ 65% ಇದ್ದರೆ, ಸುಮಾರು 0.0042 ಯೂನಿಟ್ ಕರೆಂಟ್ ಬೇಕು. ಬಡಾವಣೆ ಪೂರ್ತಿ ತುಂಬಿದಾಗ ದಿನಕ್ಕೆ ಬೇಕಾಗುವ ಐದೂವರೆ ಲಕ್ಷ ಲೀಟರನ್ನೂ (ಇದರ ಲೆಕ್ಕ ಹಂತ 4ರಲ್ಲಿದೆ) 20 ಮೀಟರ್ ಹೆಚ್ಚಿಗೆ ಎತ್ತಿದರೆ ದಿನಕ್ಕೆ 46 ಯೂನಿಟ್. ಅದರ ಬದಲು ಮೇಲಿನ ಮನೆಗಳಿಗೆ ಬೇಕಾದ ಹತ್ತನೇ ಒಂದು ಭಾಗವನ್ನು ಮಾತ್ರ ಸಣ್ಣ ಬೂಸ್ಟರ್ ಪಂಪಿನಲ್ಲಿ 25 ಮೀಟರ್ ಎತ್ತಿ ಅಲ್ಲೊಂದು ಚಿಕ್ಕ ಟ್ಯಾಂಕಿಗೆ ಹಾಕಿದರೆ ದಿನಕ್ಕೆ 6 ಯೂನಿಟ್ ಕೂಡ ಬೇಡ. ಮೇಲಿನವರಿಗೂ ನೀರು ಸರಿಯಾಗಿ ಸಿಗುತ್ತದೆ, ಕೆಳಗಿನವರ ಪೈಪೂ ಒಡೆಯುವುದಿಲ್ಲ.

ಕೆಳಗಿನವರ ಕಥೆ ನೋಡಿ. 8 ಮೀಟರಿನ ಮನೆಗೆ ರಾತ್ರಿ ಯಾರೂ ನೀರು ಬಳಸದಾಗ 54 ಮೀಟರ್ ಒತ್ತಡ ಬೀಳುತ್ತದೆ. ಎರಡು ಮಹಡಿಯ ಮನೆಗೆ ಬೇಕಾದದ್ದು 12 ಮೀಟರ್ ಮಾತ್ರ. ಈ ಹೆಚ್ಚಿನ ಒತ್ತಡವೇ ಸ್ಯಾಡಲ್ ಸಡಿಲ ಮಾಡುವುದು, ಗೀಸರ್ ಪೈಪ್ ಬಿಚ್ಚಿಸುವುದು. ಬೈಲಿಗೆ ಇಳಿಯುವ ಕವಲಿನ ಬಾಯಿಯಲ್ಲಿ ಒತ್ತಡ ತಗ್ಗಿಸುವ ವಾಲ್ವ್ ಹಾಕಿ ಅರ್ಧಕ್ಕೆ ಇಳಿಸಿದರೆ ಅದೇ ತೂತಿನಿಂದ ಸೋರುವ ನೀರು ಸುಮಾರು 30% ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ ಪೈಪಿನ ಸೀಳಾದರೆ ಇನ್ನೂ ಜಾಸ್ತಿ ಉಳಿಯುತ್ತದೆ. ಹಾಗಾಗಿ ಮೇಲಿನ ವಲಯ, ನಡುವಿನ ವಲಯ, ಬೈಲಿನ ವಲಯ ಅಂತ ಬೇರೆ ಬೇರೆ ಮಾಡಿ. ಪ್ರತಿ ವಲಯಕ್ಕೆ ಒಂದೇ ಬಾಯಿ, ಆ ಬಾಯಿಯಲ್ಲಿ ಒಂದು ಮೀಟರ್. ನಗರಗಳಲ್ಲಿ ಒಂದು ವಲಯಕ್ಕೆ 500ರಿಂದ 3,000 ಸಂಪರ್ಕ ಇಡುವುದು ರೂಢಿ. ನಮ್ಮ ಗುಡ್ಡೆಗಳಲ್ಲಿ ಅದಕ್ಕಿಂತ ಚಿಕ್ಕದಾದರೂ ತೊಂದರೆ ಇಲ್ಲ. ಸಂಖ್ಯೆಗಿಂತ ಮಟ್ಟ ನೋಡಿ.

ಹಂತ 4: ಎಷ್ಟು ನೀರು ಬೇಕು?

ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ನೀರು-ನೈರ್ಮಲ್ಯ ಇಂಜಿನಿಯರಿಂಗ್‌ನ ಕೇಂದ್ರ ಸಂಸ್ಥೆ ಸಿಪಿಎಚ್‌ಇಇಒ ಕೈಪಿಡಿಯ ಲೆಕ್ಕ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಗೆ 55 ಲೀಟರ್. ಪೇಟೆಗೆ ತಾಗಿದ ಪಂಚಾಯತ್‌ಗಳು 55ರಲ್ಲೇ ಪೈಪ್ ಹಾಕಿಸಿದರೆ ಹತ್ತು ವರ್ಷದಲ್ಲಿ ಸಾಲದೇ ಹೋಗುತ್ತದೆ. ಕಾರಣ, ಅಲ್ಲಿನ ಮನೆಗಳು ಪೇಟೆ ಮನೆಗಳಂತೆಯೇ ನೀರು ಬಳಸುತ್ತವೆ. ಹಾಸ್ಟೆಲ್, ಹೋಟೆಲ್, ಆಸ್ಪತ್ರೆ ಇದ್ದರೆ ಬೇರೆಯೇ ಬರೆಯಿರಿ: ಹಾಸ್ಟೆಲ್‌ನಲ್ಲಿ ತಲೆಗೆ 135, ಹೋಟೆಲ್‌ನಲ್ಲಿ ಹಾಸಿಗೆಗೆ 180, ನೂರಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ 450 ಲೀಟರ್. ಮಣಿಪಾಲದ ಸುತ್ತ ಒಂದು ಪಿ.ಜಿ. ಕಟ್ಟಡ ಅಂದರೆ ಹತ್ತಾರು ಮನೆಗೆ ಸಮ.

ನಮ್ಮ ಕಲ್ಪಿತ ಬಡಾವಣೆಯಲ್ಲಿ ಈಗ 400 ಮನೆ, 2,000 ಜನ. ಪೈಪು ನೆಲದಡಿ 30 ವರ್ಷ ಇರಬೇಕು. ಆ ಹೊತ್ತಿಗೆ ಗುಡ್ಡೆಯ ಮನೆಗಳೂ ಸೇರಿ 3,500 ಜನ ಅಂತ ಇಟ್ಟುಕೊಳ್ಳಿ. ದಿನಕ್ಕೆ 4.72 ಲಕ್ಷ ಲೀಟರ್. ಸೋರಿಕೆಗೆ 15% ಬಿಟ್ಟರೆ 5.56 ಲಕ್ಷ. ಸರಾಸರಿ ಸೆಕೆಂಡಿಗೆ 6.4 ಲೀಟರ್. ಜನ ಬಳಸುವುದು ಬೆಳಿಗ್ಗೆ, ಸಂಜೆ. ಐವತ್ತು ಸಾವಿರಕ್ಕಿಂತ ಕಡಿಮೆ ಜನ ಇರುವಲ್ಲಿ ಸರಾಸರಿಯ ಮೂರು ಪಟ್ಟು ಹಿಡಿಯಬೇಕು. ಅಲ್ಲಿಗೆ ಸೆಕೆಂಡಿಗೆ 19.3 ಲೀಟರ್.

ಕರಾವಳಿಯಲ್ಲಿ ಇನ್ನೊಂದು ವಿಷಯ ಇದೆ, ಹೊರಗಿನಿಂದ ಬಂದ ಸಲಹೆಗಾರರು ಇದನ್ನು ಗಮನಿಸುವುದು ಕಡಿಮೆ. ನಮ್ಮಲ್ಲಿ ಮನೆಗೊಂದು ಬಾವಿ. ಜೂನ್‌ನಿಂದ ಡಿಸೆಂಬರ್‌ವರೆಗೆ ತುಂಬಾ ಮನೆಯವರು ನಳ್ಳಿ ನೀರನ್ನು ಅಷ್ಟಾಗಿ ಮುಟ್ಟುವುದಿಲ್ಲ. ಫೆಬ್ರವರಿ ದಾಟಿ ಬಾವಿ ತಳ ಕಂಡಾಗ ಎಲ್ಲರೂ ಒಟ್ಟಿಗೆ ಬರುತ್ತಾರೆ. ಕಡಲ ಹತ್ತಿರದವರಿಗೆ ಬಾವಿ ಉಪ್ಪಾದಾಗ ಇನ್ನೂ ಬೇಗ. ಅಂದರೆ ನದಿಯಲ್ಲಿ ನೀರು ಅತಿ ಕಡಿಮೆ ಇರುವಾಗಲೇ ಬೇಡಿಕೆ ಅತಿ ಜಾಸ್ತಿ. ಆದ್ದರಿಂದ ಪೈಪಿನ ಅಳತೆಗೆ ಏಪ್ರಿಲ್-ಮೇ ತಿಂಗಳ ಬಳಕೆ ಹಿಡಿಯಿರಿ. ಕರೆಂಟ್ ಬಿಲ್, ನೀರಿನ ಆದಾಯದ ಲೆಕ್ಕಕ್ಕೆ ಮಾತ್ರ ವರ್ಷದ ಸರಾಸರಿ. ಬಾವಿ ಉಳಿಸಿಕೊಳ್ಳುವವರಿಗೆ, ಮಳೆನೀರು ಇಂಗಿಸುವವರಿಗೆ ಪ್ರೋತ್ಸಾಹ ಕೊಡುವುದು ಕೂಡ ಪೈಪ್‌ಲೈನ್ ಯೋಜನೆಯ ಭಾಗವೇ. ಆದರೆ ಬಾವಿಯ ಪಂಪ್ ಲೈನನ್ನು ನಳ್ಳಿ ನೀರಿನ ಲೈನಿಗೆ ಯಾರೂ ಸೇರಿಸಬಾರದು. ಒತ್ತಡ ಬಿದ್ದಾಗ ಬಾವಿ ನೀರು ಇಡೀ ಬೀದಿಯ ಲೈನಿಗೆ ನುಗ್ಗುತ್ತದೆ.

ದಿನಕ್ಕೆ ಎಷ್ಟು ಗಂಟೆ ನೀರು ಬಿಡುತ್ತೀರಿ ಅನ್ನುವುದೂ ಖರ್ಚಿನ ಪ್ರಶ್ನೆಯೇ. ಇದೇ 5.56 ಲಕ್ಷ ಲೀಟರನ್ನು ಎರಡೇ ಗಂಟೆಯಲ್ಲಿ ಕೊಡಬೇಕಾದರೆ ಸೆಕೆಂಡಿಗೆ 77 ಲೀಟರ್ ಹೋಗಬೇಕು, ದಿನವಿಡೀ ಕೊಡುವಾಗಿನ ಅತಿ ಹೆಚ್ಚಿನ ಹರಿವಿನ ನಾಲ್ಕು ಪಟ್ಟು. ಅದಕ್ಕೆ ತಕ್ಕ ಪೈಪ್ ಯಾರೂ ಹಾಕುವುದಿಲ್ಲ. ಹಾಗಾಗಿಯೇ ಎರಡು ಗಂಟೆಯ ನೀರಿನಲ್ಲಿ ತಗ್ಗಿನವರು ಗೆಲ್ಲುತ್ತಾರೆ, ಎತ್ತರದವರು ಸೋಲುತ್ತಾರೆ. ಮಂಗಳೂರು, ಉಡುಪಿ, ಪುತ್ತೂರು, ಕುಂದಾಪುರಗಳಲ್ಲಿ ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಸಾಲದ ಜಲಸಿರಿ ಯೋಜನೆಯಲ್ಲಿ 24 ಗಂಟೆ ನೀರು ಅಂತ ಹೊರಟದ್ದರ ಹಿಂದೆ ಈ ಲೆಕ್ಕವೂ ಇದೆ. ಖಾಲಿ ಪೈಪಿಗೆ ಚರಂಡಿ ನೀರು ನುಗ್ಗುವ ಭಯವೂ ಆಗ ಕಡಿಮೆ. ನಿಮ್ಮ ಕೈಲಿ 24 ಗಂಟೆ ಆಗದಿದ್ದರೆ ವಲಯವಾರು ಸರದಿ ಹಾಕಿ, ಒಂದು ವಲಯಕ್ಕೆ ಉದ್ದ ಹೊತ್ತು ಕೊಡಿ.

ಹಂತ 5: ಪೈಪಿನ ವ್ಯಾಸ — ದುಡ್ಡು ಉಳಿಯುವುದೂ ಕಳೆಯುವುದೂ ಇಲ್ಲಿ

ಪೈಪಿನ ವ್ಯಾಸ ಎರಡು ಪಟ್ಟಾದರೆ ಅದೇ ಒತ್ತಡದಲ್ಲಿ ನೀರು ಆರು ಪಟ್ಟು ಹೋಗುತ್ತದೆ. ಆದ್ದರಿಂದ ವ್ಯಾಸದಲ್ಲಿ ಒಂದು ಮೆಟ್ಟಿಲು ಆಚೀಚೆ ಆದರೂ ಫಲಿತಾಂಶ ತುಂಬಾ ಬದಲಾಗುತ್ತದೆ. ನೀರು ಹರಿಯುವಾಗ ಪೈಪಿನ ಗೋಡೆಗೆ ಉಜ್ಜಿ ಕಳೆದುಹೋಗುವ ಒತ್ತಡವನ್ನು ಹೇಜನ್-ವಿಲಿಯಮ್ಸ್ ಸೂತ್ರದಲ್ಲಿ ಲೆಕ್ಕ ಹಾಕುತ್ತಾರೆ. ಸಿ ಬೆಲೆ (ಪೈಪಿನ ಒಳಮೈ ಎಷ್ಟು ನುಣುಪು ಅಂತ ಹೇಳುವ ಸಂಖ್ಯೆ) 140 ಇಟ್ಟು, ಸೆಕೆಂಡಿಗೆ 19.3 ಲೀಟರಿಗೆ ಒಂದು ಕಿಲೋಮೀಟರಿನಲ್ಲಿ ಕಳೆಯುವ ಒತ್ತಡ ಹೀಗೆ ಬರುತ್ತದೆ. ಅಳತೆಗಳು ಒಳವ್ಯಾಸ:

100 ಮಿ.ಮೀ. — 56 ಮೀಟರ್
125 ಮಿ.ಮೀ. — 18.9 ಮೀಟರ್
150 ಮಿ.ಮೀ. — 7.8 ಮೀಟರ್
200 ಮಿ.ಮೀ. — 1.9 ಮೀಟರ್

ನಮ್ಮಲ್ಲಿ ಟ್ಯಾಂಕ್ 62, ಈ ವಲಯದ ಎತ್ತರದ ಮನೆ 30. ವ್ಯತ್ಯಾಸ 32 ಮೀಟರ್. ಎರಡು ಮಹಡಿಗೆ 12 ಮೀಟರ್ ಉಳಿಯಬೇಕು. ಅಂದರೆ ದಾರಿಯಲ್ಲಿ 20 ಮೀಟರ್ ಕಳೆಯಲು ಅವಕಾಶ ಇದೆ. ಒಂದೂವರೆ ಕಿಲೋಮೀಟರಿಗೆ 125 ಹಾಕಿದರೆ 28 ಮೀಟರ್ ಹೋಗುತ್ತದೆ, ಆಗುವುದಿಲ್ಲ. 150 ಹಾಕಿದರೆ 11.7, ಧಾರಾಳ. 200 ಹಾಕಿದರೆ 2.9. ಮುಂದಕ್ಕೆ ಇರಲಿ ಅಂತ 200 ಹಾಕಿಸುವವರು ಇದ್ದಾರೆ. 30 ವರ್ಷದ ಬೆಳವಣಿಗೆ ಈಗಾಗಲೇ ಲೆಕ್ಕದಲ್ಲಿ ಇರುವಾಗ ಅದರ ಮೇಲೆ ಮತ್ತೊಂದು ಮೆಟ್ಟಿಲು ಬೇಡ. ಆ ದುಡ್ಡಿನಲ್ಲಿ ಮೀಟರ್ ಹಾಕಿಸಬಹುದು.

ಇನ್ನೂ ಉಳಿಸಬಹುದು. ಮೊದಲ ಒಂದು ಕಿಲೋಮೀಟರಿಗೆ 150, ಕೊನೆಯ ಅರ್ಧಕ್ಕೆ 125 ಹಾಕಿದರೆ 7.8 ಮತ್ತು 9.4 ಸೇರಿ ಸುಮಾರು 17 ಮೀಟರ್. ಇನ್ನು ಮೂರು ಮೀಟರ್ ವಾಲ್ವ್, ಬೆಂಡುಗಳಿಗೆ ಉಳಿಯುತ್ತದೆ. ದಾರಿಯಲ್ಲಿ ಮನೆಗಳಿಗೆ ಕವಲೊಡೆದು ಹರಿವು ಕಡಿಮೆಯಾಗುತ್ತಾ ಹೋಗುವುದರಿಂದ ನಿಜದಲ್ಲಿ ಕಳೆಯುವುದು ಇನ್ನೂ ಕಮ್ಮಿ. ದಪ್ಪ ಪೈಪು ಟ್ಯಾಂಕಿನ ಕಡೆ, ಸಣ್ಣದು ಕೊನೆಯ ಕಡೆ. ಇದಕ್ಕೆ ಉಲ್ಟಾ ಹಾಕಿದ ಲೈನುಗಳು ಬೇಕಾದಷ್ಟಿವೆ: ಹಳೆಯ 80 ಮಿ.ಮೀ. ಪೈಪಿನ ತುದಿಗೆ ಹೊಸ 150ರ ಪೈಪ್ ಜೋಡಿಸಿದ್ದು. ಮುಂದೆ ಎಷ್ಟು ದಪ್ಪ ಹಾಕಿದರೂ ಹಿಂದಿನ 80 ಬಿಟ್ಟಷ್ಟೇ ನೀರು.

ಖರೀದಿಯಲ್ಲಿ ಒಂದು ಎಚ್ಚರಿಕೆ. ಎಚ್‌ಡಿಪಿಇ ಮತ್ತು ಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪುಗಳಿಗೆ ಹೇಳುವ ಸಂಖ್ಯೆ ಹೊರವ್ಯಾಸ. 160ರ ಎಚ್‌ಡಿಪಿಇ ಪೈಪಿನ ಒಳಗೆ, ಪ್ರೆಶರ್ ಕ್ಲಾಸ್ (ಎಷ್ಟು ಒತ್ತಡ ತಾಳುವ ದರ್ಜೆ) ಎಷ್ಟು ಅನ್ನುವುದರ ಮೇಲೆ, 140-148 ಮಿ.ಮೀ. ಇರುತ್ತದೆ. ಲೆಕ್ಕವನ್ನು ಯಾವಾಗಲೂ ಒಳವ್ಯಾಸದಲ್ಲಿ ಮಾಡಿ.

ಇದು ಇಳಿಜಾರಿನ ಲೈನಿನ ಮಾತು. ಪಂಪಿನಿಂದ ಟ್ಯಾಂಕಿಗೆ ಏರುವ ಲೈನಿನಲ್ಲಿ ಲೆಕ್ಕ ತಿರುಗುತ್ತದೆ. ಅಲ್ಲಿ ಸಣ್ಣ ಪೈಪಿನಲ್ಲಿ ಉಳಿಸಿದ ದುಡ್ಡನ್ನು ಪ್ರತಿ ತಿಂಗಳು ಕರೆಂಟ್ ಕಂಪನಿ ಮೆಸ್ಕಾಂಗೆ ಕಟ್ಟಬೇಕು. ಉಜ್ಜಾಟಕ್ಕೆ 10 ಮೀಟರ್ ಹೆಚ್ಚಿಗೆ ಹೋದರೆ ನಮ್ಮ 5.56 ಲಕ್ಷ ಲೀಟರಿಗೆ ದಿನಕ್ಕೆ 23 ಯೂನಿಟ್, ವರ್ಷಕ್ಕೆ ಸುಮಾರು 8,500. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 51 ಸಾವಿರ, ಪಂಪಿನ 15 ವರ್ಷದ ಬಾಳಿಕೆಯಲ್ಲಿ ಏಳೂವರೆ ಲಕ್ಷದ ಮೇಲೆ. ಒಂದು ಮೆಟ್ಟಿಲು ದಪ್ಪ ಪೈಪಿಗೆ ಎಷ್ಟು ಹೆಚ್ಚಾಗುತ್ತದೆ ಅಂತ ನೋಡಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ತೀರ್ಮಾನ ಮಾಡಿ. ಎಸ್ಟಿಮೇಟ್‌ನಲ್ಲಿ ಕರೆಂಟಿನ ಈ ಕಾಲಮ್ ಇಲ್ಲದಿದ್ದರೆ ಒಪ್ಪಬೇಡಿ.

ಹಂತ 6: ಕಂಪ್ಯೂಟರಿನಲ್ಲಿ ಓಡಿಸಿ ನೋಡಿ

ಒಂದೇ ಲೈನಾದರೆ ಕ್ಯಾಲ್ಕುಲೇಟರ್ ಸಾಕು. ಕವಲುಗಳು ಜಾಸ್ತಿಯಾದರೆ ಅಮೆರಿಕದ ಪರಿಸರ ಸಂಸ್ಥೆಯ ಎಪಾನೆಟ್ ಬಳಸಿ. ಉಚಿತ. ಮಟ್ಟ, ಉದ್ದ, ವ್ಯಾಸ, ಬೇಡಿಕೆ ಕೊಟ್ಟರೆ ಪ್ರತಿ ಜಂಕ್ಷನ್‌ನಲ್ಲಿ ಒತ್ತಡ ಎಷ್ಟು ಅಂತ ಗಂಟೆ ಗಂಟೆಗೆ ತೋರಿಸುತ್ತದೆ. ಕವಲೊಡೆಯುವ ಹಳ್ಳಿ ಲೈನುಗಳಿಗೆ ಐಐಟಿ ಬಾಂಬೆಯವರ ಜಲತಂತ್ರ ಇನ್ನೂ ಅನುಕೂಲ. ಪೈಪಿನ ದರಪಟ್ಟಿ ಕೊಟ್ಟರೆ ಅತಿ ಕಡಿಮೆ ಖರ್ಚಿನ ವ್ಯಾಸಗಳನ್ನು ಅದೇ ಆರಿಸಿಕೊಡುತ್ತದೆ. ಅದೂ ಉಚಿತ.

ಮಾಡೆಲ್ ಮಾಡಿದ ಮೇಲೆ ಮೊದಲ ಹಂತದಲ್ಲಿ ಗೇಜ್ ಹಿಡಿದು ಬರೆದುಕೊಂಡ ಒತ್ತಡಗಳ ಜೊತೆ ಹೋಲಿಸಿ. ಕಂಪ್ಯೂಟರ್ 18 ಮೀಟರ್ ಅಂದಲ್ಲಿ ಗೇಜ್ 6 ತೋರಿಸಿದ್ದರೆ, ನಡುವೆ ಎಲ್ಲೋ ಅರ್ಧ ಮುಚ್ಚಿದ ವಾಲ್ವ್ ಇದೆ, ಇಲ್ಲವೇ ದೊಡ್ಡ ಸೋರಿಕೆ ಇದೆ. ಆ ಒಂದು ವಾಲ್ವ್ ಸರಿ ಮಾಡಿದರೆ ಹೊಸ ಪೈಪೇ ಬೇಡ ಅನ್ನುವ ಪರಿಸ್ಥಿತಿ ಕೂಡ ಬರಬಹುದು. ಇದಕ್ಕಿಂತ ಅಗ್ಗದ ವಿಸ್ತರಣೆ ಇಲ್ಲ.

ಹಂತ 7: ದಾರಿ, ಮಣ್ಣು, ಪೈಪಿನ ಜಾತಿ

ಅತಿ ಹತ್ತಿರದ ದಾರಿ ಅತಿ ಅಗ್ಗದ ದಾರಿ ಆಗಬೇಕೆಂದಿಲ್ಲ. ಕಾಂಕ್ರೀಟ್ ರಸ್ತೆ ಅಗೆದು ಮತ್ತೆ ಮಾಡಿಕೊಡುವ ಖರ್ಚು ಕೆಲವೊಮ್ಮೆ ಪೈಪಿನ ಬೆಲೆಯನ್ನೇ ಮೀರುತ್ತದೆ. ರಾಷ್ಟ್ರೀಯ ಹೆದ್ದಾರಿ 66, ಇಂದ್ರಾಳಿ ಕಡೆಯ ಕೊಂಕಣ ರೈಲ್ವೆ ಹಳಿ, ಇವುಗಳನ್ನು ದಾಟಲು ಅನುಮತಿಗೆ ತಿಂಗಳುಗಳು ಬೇಕು, ಕೇಸಿಂಗ್ ಪೈಪ್ (ನೀರಿನ ಪೈಪಿನ ಹೊರಕವಚ) ತೂರಿಸುವ ಖರ್ಚು ಬೇರೆ. ದಾಟುವ ಜಾಗ ಒಂದೇ ಇರಲಿ, ಅಲ್ಲಿ ಮಾತ್ರ ವ್ಯಾಸ ಒಂದು ಮೆಟ್ಟಿಲು ಜಾಸ್ತಿ ಇರಲಿ. ಮತ್ತೆ ಮತ್ತೆ ದಾಟುವ ಹಾಗಿಲ್ಲ, ಅಲ್ವಾ? ಒಳಚರಂಡಿ ಲೈನ್ ಇದ್ದರೆ ಸಾಧ್ಯವಾದಲ್ಲಿ 3 ಮೀಟರ್ ದೂರ ಇಡಿ. ಅಡ್ಡ ಬಂದಲ್ಲಿ ನೀರಿನ ಪೈಪ್ ಅರ್ಧ ಮೀಟರ್ ಮೇಲಿರಲಿ.

ಮುರಕಲ್ಲಿನ ಗುಡ್ಡೆಯಲ್ಲಿ ಅಗೆತ ಕಷ್ಟ, ಬ್ರೇಕರ್ ಬೇಕು. ಆದರೆ ಅಗೆದ ಗುಂಡಿ ಕುಸಿಯುವುದಿಲ್ಲ. ಮಲ್ಪೆ, ಕಡೆಕಾರು ಕಡೆಯ ಮರಳಿನಲ್ಲಿ ಅಗೆತ ಸುಲಭ, ಬದಿ ಕುಸಿಯುತ್ತದೆ, ಎರಡು ಅಡಿಗೇ ನೀರು ಬರುತ್ತದೆ. ಎರಡಕ್ಕೂ ಒಂದೇ ದರ ಹಾಕಿದ ಎಸ್ಟಿಮೇಟ್ ಸರಿಯಲ್ಲ. ಕಲ್ಲಿನ ನೆಲದಲ್ಲಿ ಪೈಪಿನ ಕೆಳಗೆ, ಸುತ್ತ ಮರಳು ತುಂಬಲೇಬೇಕು. ಚೂಪು ಕಲ್ಲಿನ ಮೇಲೆ ಕೂತ ಎಚ್‌ಡಿಪಿಇ ಕೆಲವೇ ವರ್ಷದಲ್ಲಿ ಅಲ್ಲೇ ಸೀಳುತ್ತದೆ.

ವಾಹನ ಓಡಾಡುವ ಮುಖ್ಯ ಲೈನಿಗೆ, ಹೆಚ್ಚು ಒತ್ತಡದ ಜಾಗಕ್ಕೆ ಡಿಐ (ಡಕ್ಟೈಲ್ ಕಬ್ಬಿಣದ) ಪೈಪ್. ಒಳ ರಸ್ತೆಗಳಿಗೆ, ತಿರುವುಗಳಿರುವ ಓಣಿಗಳಿಗೆ ಬೆಸುಗೆ ಹಾಕಿದ ಎಚ್‌ಡಿಪಿಇ. ಉಪ್ಪು ನೀರಿನ ನೆಲದಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಅಲ್ಲಿ ಡಿಐ ಹಾಕಲೇಬೇಕಾದರೆ ಮೇಲೆ ಪಾಲಿಥಿನ್ ತೋಳು ಹೊದಿಸಿ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಮನೆ ಸಂಪರ್ಕ ಕಡಲ ಬದಿಯಲ್ಲಿ ಬೇಡವೇ ಬೇಡ. ಡಿಐಗೆ ಐಎಸ್ 8329, ಎಚ್‌ಡಿಪಿಇಗೆ ಐಎಸ್ 4984 ಗುರುತು ಪೈಪಿನ ಮೇಲೆಯೇ ಅಚ್ಚಾಗಿರುತ್ತದೆ. ಲಾರಿ ಇಳಿಸುವಾಗ ಓದಿ ನೋಡಿ.

ಗುಡ್ಡೆ ದಾಟುವ ಲೈನಿನ ತಲೆಯಲ್ಲಿ ಗಾಳಿ ಬಿಡುವ ಏರ್ ವಾಲ್ವ್, ಬೈಲಿನ ತಗ್ಗಿನಲ್ಲಿ ಕೆಸರು ಬಿಡುವ ಸ್ಕೌರ್ ವಾಲ್ವ್. ತಿರುವಿನಲ್ಲಿ ಪೈಪ್ ಜರುಗದಂತೆ ಕಾಂಕ್ರೀಟ್ ಬ್ಲಾಕ್. ಟೆಂಡರ್ ಮೊತ್ತ ಇಳಿಸಲು ಮೊದಲು ಕತ್ತರಿ ಬೀಳುವುದು ಇವುಗಳಿಗೇ. ಬಿಟ್ಟುಕೊಡಬೇಡಿ. ಗಾಳಿ ಸಿಕ್ಕಿಕೊಂಡ ಪೈಪು ಎಷ್ಟು ದಪ್ಪ ಇದ್ದರೂ ನೀರು ಬಿಡುವುದಿಲ್ಲ.

ಹಂತ 8: ಎಲ್ಲವನ್ನೂ ಒಮ್ಮೆಗೇ ಮಾಡಬೇಡಿ

ಮುಖ್ಯ ಲೈನ್ 30 ವರ್ಷಕ್ಕೆ ಲೆಕ್ಕ ಹಾಕಿ ಈಗಲೇ ಹಾಕಿ. ಎರಡನೇ ಸಲ ರಸ್ತೆ ಅಗೆಯುವುದು ತಪ್ಪುತ್ತದೆ. ಪಂಪು, ಟ್ಯಾಂಕು 15 ವರ್ಷಕ್ಕೆ ಸಾಕು. ಆದರೆ ಎರಡನೇ ಟ್ಯಾಂಕಿಗೆ ಪಕ್ಕದಲ್ಲೇ ಜಾಗ ಬಿಟ್ಟಿರಿ. ಒಳ ಓಣಿಗಳ ಸಣ್ಣ ಪೈಪು ಮನೆಗಳು ಬಂದಂತೆ ಹಾಕಿ. ಖಾಲಿ ಸೈಟುಗಳ ನಡುವೆ ಹಾಕಿಟ್ಟ ಪೈಪಿನಲ್ಲಿ ನೀರು ನಿಂತು ಕ್ಲೋರಿನ್ ಇಳಿದುಹೋಗುತ್ತದೆ. ಲೈನಿನ ಕೊನೆಯ ಮನೆಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮುಂದೆ ಕವಲು ಬರುವ ಜಾಗದಲ್ಲಿ ಈಗಲೇ ಟೀ ಮತ್ತು ವಾಲ್ವ್ ಕೂರಿಸಿ, ಬಾಯಿ ಮುಚ್ಚಿಡಿ. ಎರಡು ಲೈನಿನ ತುದಿಗಳನ್ನು ಜೋಡಿಸಿ ಉಂಗುರ ಮಾಡುವುದನ್ನು ಎರಡನೇ ಹಂತಕ್ಕೆ ಇಡಬಹುದು. ಖಾಸಗಿ ಬಡಾವಣೆಯಾದರೆ ಒಳಗಿನ ಲೈನ್ ಅವರೇ ಹಾಕಲಿ. ವ್ಯಾಸ, ಜಾತಿ, ಪರೀಕ್ಷೆ ನೀವು ಹೇಳಿದಂತೆ ಅಂತ ಅನುಮತಿ ಪತ್ರದಲ್ಲೇ ಬರೆಸಿ.

ಕೆಲಸದ ತಿಂಗಳು ನವೆಂಬರಿನಿಂದ ಮೇ ಮೊದಲ ವಾರ. ಟೆಂಡರ್ ಜನವರಿಗೆ ತೆರೆದರೆ ಮಳೆ ಬರುವ ಹೊತ್ತಿಗೆ ಅರ್ಧ ರಸ್ತೆ ಅಗೆದು ಬಿದ್ದಿರುತ್ತದೆ. ಸರ್ವೆ, ಲೆಕ್ಕ, ಅನುಮತಿ ಎಲ್ಲ ಮಳೆಗಾಲದಲ್ಲಿ ಮುಗಿಸಿಕೊಳ್ಳಿ.

ಹಂತ 9: ಗುಂಡಿ ಮುಚ್ಚುವ ಮುಂಚೆ

ಜಾಯಿಂಟುಗಳನ್ನು ತೆರೆದಿಟ್ಟು, ಪೈಪಿಗೆ ನೀರು ತುಂಬಿ, ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡ ಹಾಕಿ ಪರೀಕ್ಷೆ ಮಾಡಿಸಿ. ನೀವೇ ನಿಂತು ನೋಡಿ. ಆಮೇಲೆ ಪೈಪ್ ತೊಳೆದು, ಕ್ಲೋರಿನ್ ನೀರು ತುಂಬಿಸಿ ಒಂದು ದಿನ ಇಟ್ಟು, ಹೊರಗೆ ಬಿಟ್ಟು, ನೀರಿನ ಸ್ಯಾಂಪಲ್ ಲ್ಯಾಬಿಗೆ ಕಳಿಸಿ. ವರದಿ ಬಂದ ಮೇಲೆಯೇ ಮನೆ ಸಂಪರ್ಕ. ಸಂಪರ್ಕದ ದಿನವೇ ಮೀಟರ್ ಕೂಡ ಕೂರಬೇಕು. ಆಮೇಲೆ ಹಾಕುತ್ತೇವೆ ಅಂದ ಮೀಟರ್ ಹಾಕಿಸುವುದು ತುಂಬಾ ಕಷ್ಟ.

ಕಂಟ್ರಾಕ್ಟರ್ ಕೊನೆಯ ಬಿಲ್ ಕೇಳಿದಾಗ ಹಾಕಿದ ಲೈನಿನ ನಿಜವಾದ ನಕ್ಷೆ ತೆಗೆದುಕೊಳ್ಳಿ: ರಸ್ತೆಯ ಅಂಚಿನಿಂದ ಎಷ್ಟು ದೂರ, ಎಷ್ಟು ಆಳ, ಪ್ರತಿ ವಾಲ್ವ್‌ನ ಜಾಗ, ಪ್ರತಿ ಜಂಕ್ಷನ್‌ನ ಮಟ್ಟ. ಒಂದು ಪ್ರತಿ ಆಫೀಸಿಗೆ, ಒಂದು ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ ವಾಲ್ವ್‌ಮ್ಯಾನ್ ಕೈಗೆ. ನಕ್ಷೆ ಕೊಡುವವರೆಗೆ ಬಿಲ್ ಪಾಸು ಮಾಡಬೇಡಿ.